ಕಿವುಡ ಮಕ್ಕಳ ಆತ್ಮಗೌರವವೂ ಶಾಲೆಯೂ: ಒಂದು ಗ್ರಂಥವಿಮರ್ಶೆ

ಹಾರ್ಲನ್ ಲೇನ್ ಅವರ ‘ವೆನ್ ದ ಮೈಂಡ್ ಹಿಯರ್ಸ್’ (1984) ಕಿವುಡರ ಶಿಕ್ಷಣದ ಇತಿಹಾಸವನ್ನು ಕಿವುಡರ ಪಕ್ಷದಿಂದ ನಿರೂಪಿಸುವ ಗ್ರಂಥ. ಇದರ ಬಹುಭಾಗವನ್ನು ಗ್ರಂಥಕರ್ತರು ಲೊರಾಂ ಕ್ಲೇರ್ (1785–1869) ಎಂಬ ಕಿವುಡ ಉಪಾಧ್ಯಾಯನ ಬಾಯಿಂದ — ಕೈಯಿಂದ ಎಂದರೆ ಹೆಚ್ಚು ಸರಿ — ಹೇಳಿಸಿದ್ದಾರೆ. ಸಾಕ್ಷ್ಯವೆಲ್ಲಿ ಮುಗಿಯಿತು, ಕಲ್ಪನೆಯೆಲ್ಲಿ ಮೊದಲಾಯಿತು ಎಂಬುದು ಓದುವಾಗ ವಾಚಕನಿಗೆ ತಿಳಿಯದು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇದು ಒಪ್ಪತಕ್ಕ ಮಾರ್ಗವಲ್ಲ.

ಗ್ರಂಥದ ವಾದವೇನೋ ಸ್ಪಷ್ಟವಾಗಿದೆ. ಸಂಜ್ಞಾಭಾಷೆಯ ವಸತಿಶಾಲೆಯು ಮಗುವಿಗೆ ಗೌರವವಿತ್ತಿತು. ಮಾತನ್ನೇ ಕಲಿಸಹೊರಟ ಶಾಲೆಯು ಅದನ್ನು ಕಸಿದುಕೊಂಡಿತು. 1880ರ ಮಿಲಾನ್ ಸಮ್ಮೇಳನದಲ್ಲಿ ಬಹುತೇಕ ಕಿವಿಯುಳ್ಳವರೇ ಕುಳಿತು ಕಿವುಡರ ಭಾಷೆಯನ್ನು ತರಗತಿಯಿಂದ ಹೊರಗಟ್ಟಿದರು. ಕಿವುಡ ಉಪಾಧ್ಯಾಯರು ಅನೇಕ ಕಡೆ ಕೆಲಸ ಕಳೆದುಕೊಂಡರು. ಆ ನಿರ್ಣಯಗಳಿಗಾಗಿ 2010ರಲ್ಲಿ ವ್ಯಾಂಕೂವರ್ ಸಮ್ಮೇಳನವು ವಿಷಾದ ಸೂಚಿಸಿತು. ಇಲ್ಲಿ ಲೇನರ ಕೋಪವು ನ್ಯಾಯವಾದುದೇ.

ಆದರೆ ಕ್ಲೇರನ ಸ್ವಂತ ಸಂಕ್ಷಿಪ್ತ ಆತ್ಮಕಥನವನ್ನೇ ನೋಡೋಣ. 1797ರಲ್ಲಿ, ಹನ್ನೆರಡು ವರ್ಷದ ಬಾಲಕನಾಗಿ, ಆತ ಪ್ಯಾರಿಸಿನ ಶಾಲೆಗೆ ಸೇರಿದ. ಅಲ್ಲಿ ಉಚ್ಚಾರಣೆ ಕಲಿಸುತ್ತಿದ್ದ ಪಾದ್ರಿ ಮಾರ್ಗರೋಂ, ‘ದ’ಕಾರ ಹೊರಡಲಿಲ್ಲವೆಂದು ಗಲ್ಲದ ಕೆಳಗೆ ಗುದ್ದಿದಾಗ ಹುಡುಗ ನಾಲಗೆ ಕಚ್ಚಿಕೊಂಡು ಅತ್ತ. ಸಂಜ್ಞೆಗೆ ಹೆಸರಾದ ಶಾಲೆಯಲ್ಲಿಯೇ ಈ ಅವಮಾನ! ಅದೇ ಶಾಲೆಯಲ್ಲಿ ಅದೇ ಬಾಲಕನಿಗೆ ಗುರುವಾಗಿದ್ದ ಜಾಂ ಮಾಸ್ಯೂ ಸ್ವತಃ ಕಿವುಡ. ತನ್ನಂಥವನೊಬ್ಬ ಗುರುಪೀಠದಲ್ಲಿ ನಿಂತುದನ್ನು ಕಂಡ ಆ ಬಾಲಕನೇ ಮುಂದೆ 1817ರಲ್ಲಿ ಹಾರ್ಟ್‌ಫರ್ಡಿನಲ್ಲಿ ತೆರೆದ ಶಾಲೆಯಲ್ಲಿ ಗುರುವಾಗಿ ನಿಂತ. ಗಾಯ ಮಾಡಿದ್ದೂ ಮಾನ ಕೊಟ್ಟಿದ್ದೂ ಒಂದೇ ಸೂರಿನ ಕೆಳಗೆ ಎಂಬುದನ್ನು ಲೇನರ ಎರಡು ಪಕ್ಷಗಳ ಚಿತ್ರವು ಅರಗಿಸಿಕೊಳ್ಳಲಾರದು.

ಇನ್ನೊಂದು ನಿದರ್ಶನ ನೋರಾ ಗ್ರೋಸ್ ಅವರ 1985ರ ಗ್ರಂಥದಲ್ಲಿದೆ. ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಚಿಲ್ಮಾರ್ಕಿನಲ್ಲಿ, 19ನೆಯ ಶತಮಾನದಲ್ಲಿ, 25 ಜನರಲ್ಲಿ ಒಬ್ಬರು ಹುಟ್ಟುಕಿವುಡರು. ಊರಿನ ಉಳಿದವರೂ ಸಂಜ್ಞೆ ಬಲ್ಲವರು. ಕೇಳುವವರ ನಡುವೆ ಇದ್ದುದೇ ಅಲ್ಲಿ ಯಾರಿಗೂ ಕೀಳರಿಮೆ ತರಲಿಲ್ಲ.

ಆದುದರಿಂದ, ಪ್ರತ್ಯೇಕ ಶಾಲೆಯೋ ಸಾಮಾನ್ಯ ಶಾಲೆಯೋ ಎಂದು ಮಕ್ಕಳ ಆತ್ಮಗೌರವವನ್ನು ಅಂಕಗಳಲ್ಲಿ ತೂಗುವ ಅಧ್ಯಯನಗಳು ಪ್ರಶ್ನೆಯನ್ನೇ ಮೊಟಕುಗೊಳಿಸುತ್ತವೆಂದು ನಮಗೆ ತೋರುತ್ತದೆ. ಪಕ್ಕದಲ್ಲಿ ಕುಳಿತವನಿಗೆ ಆ ಮಗುವಿನ ಭಾಷೆ ಬರುತ್ತದೆಯೆ? ಪಾಠ ಹೇಳುವವರಲ್ಲಿ ಒಬ್ಬರಾದರೂ ಕಿವುಡರಿದ್ದಾರೆಯೆ? ಕಟ್ಟಡದ ಹೆಸರು ಇದಾವುದನ್ನೂ ತಿಳಿಸದು. ಸಂಜ್ಞಾಭಾಷೆಯಲ್ಲಿ ಅರ್ಹತೆ ಪಡೆದ ಶಿಕ್ಷಕರನ್ನು, ಅಂಗವೈಕಲ್ಯವುಳ್ಳವರನ್ನೂ ಒಳಗೊಂಡು, ನೇಮಿಸಬೇಕೆಂದು ನಮ್ಮ ದೇಶದ 2016ರ ಕಾಯಿದೆ ವಿಧಿಸಿದೆ. ಲೇನರ ಗ್ರಂಥವನ್ನು ತರಗತಿಯಲ್ಲಿ ಪಾಠವಾಗಿಡುವವರು ಮಾಸ್ಯೂವಿನ ಕಥೆಯನ್ನು ಆ ಕಲಮಿನೊಡನೆ ಓದಿಸಲಿ.