ದೊಡ್ಡ ಪಾತ್ರೆಯ ಉಪದೇಶ

ಮನೆಯಲ್ಲೇ ಬಿಯರ್ ಮಾಡುವುದನ್ನು ಕಲಿಸುವ ಇಂಗ್ಲಿಷ್ ಬರಹಗಳಲ್ಲಿ ಒಂದು ಉಪದೇಶ ಪದೇ ಪದೇ ಬರುತ್ತದೆ: ಯಾವ ಅಳತೆಯ ಪಾತ್ರೆ ಅಂತ ಗೊತ್ತಾಗದಿದ್ದರೆ ದೊಡ್ಡದನ್ನೇ ಕೊಳ್ಳಿ. ನನ್ನ ತಕರಾರು ಇರುವುದು ಇದರ ಮೇಲೆಯೇ.

ಮೊದಲೇ ಹೇಳಿಬಿಡ್ತೇನೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಇದನ್ನು ಮಾಡುವ ಹಾಗಿಲ್ಲ. ಮಣಿಪಾಲದ ಫ್ಲ್ಯಾಟಿನಲ್ಲಿ ಯಾರೂ ಶುರು ಹಚ್ಚಿಕೊಳ್ಳಬೇಡಿ ಮಾರಾಯ್ರೆ. ಅಮೆರಿಕದ ಫೆಡರಲ್ ಕಾನೂನು ಮಾತ್ರ 1979ರಿಂದ ಇದನ್ನು ಒಪ್ಪಿದೆ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಕಾಪುವಿನಿಂದ ಅಲ್ಲಿಗೆ ಹೋದ ಅಕ್ಕನ ಮಗ "ಎಷ್ಟು ದೊಡ್ಡ ಮ್ಯಾಶ್ ಟನ್ ತಗೊಳ್ಳಲಿ ಮಾಮ?" ಅಂತ ಕೇಳಿದ್ದರಿಂದ ನಾನು ಈ ಬರಹಗಳನ್ನೆಲ್ಲ ಓದುವಂತಾಯಿತು.

ಮ್ಯಾಶ್ ಟನ್ ಅಂದರೆ ಎಂತದ್ದೂ ಇಲ್ಲ, ಬಿಸಿ ಆರದ ಹಾಗೆ ಇಡುವ ಒಂದು ಪಾತ್ರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿತರಿಯಾಗಿ ಒಡೆದು, ಬಿಸಿನೀರಿನಲ್ಲಿ ಕಲಸಿ, 65ರಿಂದ 68 ಡಿಗ್ರಿಯಲ್ಲಿ ಒಂದು ಗಂಟೆ ಬಿಡುತ್ತಾರೆ. ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಸಿಹಿನೀರನ್ನು ಕೆಳಗಿನಿಂದ ಬಸಿಯುತ್ತಾರೆ, ಕುಚ್ಚಲಕ್ಕಿಯ ಗಂಜಿ ಬಸಿದ ಹಾಗೆ. ಇಲ್ಲಿ ಕಾಳಿನ ಹೊಟ್ಟೇ ಸೋಸುವ ಜರಡಿ.

ಲೆಕ್ಕ ಸುಲಭ ಉಂಟು. ಕಿಲೋಗೆ 3 ಲೀಟರ್ ನೀರು ಹಿಡಿಯಿರಿ. ಒಂದು ಕಿಲೋ ಕಾಳು ನೀರಿನೊಳಗೆ ಸುಮಾರು 0.67 ಲೀಟರ್ ಜಾಗ ತಿನ್ನುತ್ತದೆ. 19 ಲೀಟರ್ ಸಾಧಾರಣ ಬಿಯರಿಗೆ ನಾಲ್ಕೂವರೆ ಕಿಲೋ ಕಾಳು ಹಾಕಿದರೆ ಒಟ್ಟು ಹದಿನಾರೂವರೆ ಲೀಟರ್ ಆಯಿತು. 20 ಲೀಟರಿನ ಪಾತ್ರೆ ಸಾಕು, ಸೌಟು ಆಡಿಸಲಿಕ್ಕೂ ಜಾಗ ಉಳಿಯುತ್ತದೆ. ಅದೇ ಗಡಸು ಬಿಯರಿಗೆ 8 ಕಿಲೋ ಹಾಕಿದರೆ 29 ಲೀಟರ್ ದಾಟುತ್ತದೆ. ಉಪದೇಶಕರು 38 ಲೀಟರಿನ ಪಾತ್ರೆ ತೋರಿಸುವುದು ಈ ಒಂದು ದಿನವನ್ನು ನೆನೆದು.

ಈ ಬರಹಗಳ ಕೊರತೆ ಇಲ್ಲೇ. ಪಾತ್ರೆಯಲ್ಲಿ ಅತಿ ಹೆಚ್ಚೆಂದರೆ ಎಷ್ಟು ಹಿಡಿಯುತ್ತದೆ ಅಂತ ಅವು ಕೋಷ್ಟಕ ಕೊಡುತ್ತವೆ. ವರ್ಷದ ಹೆಚ್ಚಿನ ದಿನ ಅದರಲ್ಲಿ ಎಷ್ಟು ಇರುತ್ತದೆ ಅಂತ ಕೇಳುವುದೇ ಇಲ್ಲ. ದೊಡ್ಡ ಪಾತ್ರೆಯಲ್ಲಿ ಸ್ವಲ್ಪ ಕಾಳು ಹಾಕಿದರೆ ಖಾಲಿ ಜಾಗವೂ ಪಾತ್ರೆಯ ಗೋಡೆಯೂ ಬಿಸಿಯನ್ನು ಎಳೆದುಕೊಳ್ಳುತ್ತವೆ. ಕಾಳಿನ ಪದರ ತೆಳ್ಳಗಾಗಿ ಸೋಸುವ ಶಕ್ತಿ ಕಡಿಮೆಯಾಗುತ್ತದೆ. ಪಾತ್ರೆಯನ್ನು ಮೊದಲೇ ಬಿಸಿನೀರು ಹಾಕಿ ಕಾಯಿಸಿಟ್ಟರೆ ಬಿಸಿಯ ತೊಂದರೆ ಅರ್ಧ ಹೋದೀತು, ಪದರ ಮಾತ್ರ ದಪ್ಪ ಆಗುವುದಿಲ್ಲ.

ದೊಡ್ಡದು ಯಾರಿಗೂ ಬೇಡ ಅಂತಲ್ಲ. ಸ್ನೇಹಿತರು ಸೇರಿ ಪ್ರತಿ ಸಲ 38 ಲೀಟರ್ ಬಿಯರ್ ಮಾಡುವವರಾದರೆ 9 ಕಿಲೋ ಕಾಳಿಗೆ 33 ಲೀಟರ್ ಜಾಗ ಬೇಕೇ ಬೇಕು. ಆದರೆ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ? ಗಡಸು ಬಿಯರ್ ಬೇಕೆನಿಸಿದ ದಿನ ಅಳತೆಯನ್ನೇ ಅರ್ಧ ಮಾಡಲಿ. 4 ಕಿಲೋ ಕಾಳು, 15 ಲೀಟರಿನ ಒಳಗೆ ಕೆಲಸ ಮುಗಿಯಿತು. ಬಾಟಲಿ ಕಡಿಮೆಯಾಗುತ್ತದೆ, ರುಚಿ ಕಡಿಮೆಯಾಗುವುದಿಲ್ಲ.

ನಮ್ಮ ಊರಿನವರಿಗೆ ಇದು ಹೊಸ ಬುದ್ಧಿಯಲ್ಲ. ಕಾರ್ಕಳದಲ್ಲಿ ಮದುವೆ ಇದ್ದರೆ ಕೊಪ್ಪರಿಗೆ ಬಾಡಿಗೆಗೆ ಬರುತ್ತದೆ, ಊಟ ಮುಗಿದ ಮೇಲೆ ವಾಪಸ್ ಹೋಗುತ್ತದೆ. ಉಡುಪಿ ಕಡೆಯ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿ: ಇಪ್ಪತ್ತು ಜನಕ್ಕೆ ಬೇಯಿಸಿದ ಪಾತ್ರೆಗಳು ಬೋರಲು ಬಿದ್ದಿವೆ. ಮಕ್ಕಳು ಮುಂಬೈ, ದುಬೈ ಸೇರಿದ್ದಾರೆ. ಕೆಳಗೆ ಅಮ್ಮ ಪುಟ್ಟ ಕುಕ್ಕರಿನಲ್ಲಿ ಒಂದು ಪಾವು ಅಕ್ಕಿ ಇಡುತ್ತಾರೆ.

ಪಾತ್ರೆ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಕುಡಿಯುವವರು ಎಷ್ಟು ಜನ, ಎಷ್ಟು ದಿನಕ್ಕೊಮ್ಮೆ? ಲೀಟರಿನ ಲೆಕ್ಕ ಅದಾದ ಮೇಲೆ.