ನಿಕುಂಭ್ ಮೇಷ್ಟ್ರ ಔದಾರ್ಯ

ಕಲಿಕಾ ನ್ಯೂನತೆಯ ಮಾತು ಬಂತೆಂದರೆ ಸಾಕು, ಶಿಕ್ಷಕರ ತರಬೇತಿಯಿರಲಿ, ಪೋಷಕರ ಸಭೆಯಿರಲಿ, 'ತಾರೇ ಜಮೀನ್ ಪರ್' ಹಾಜರಾಗುತ್ತದೆ. 2007ರ ಈ ಚಿತ್ರದ ಮೊದಲರ್ಧ, ಅದರಲ್ಲಿ ಕಲಿಕಾ ನ್ಯೂನತೆಯಿರುವ ಹುಡುಗ ಇಶಾನ್ ಆಗಿ ದರ್ಶೀಲ್ ಸಫಾರಿಯ ಅಭಿನಯ ಮೆಚ್ಚತಕ್ಕವೇ. ಆದರೆ ಅದನ್ನು ಕೈಪಿಡಿಯೆಂದು ನಂಬಿರುವುದು ತಪ್ಪು.

ಇಶಾನ್ ತನ್ನ ಶಾಲೆಯ ನಿಕುಂಭ್ ಮೇಷ್ಟ್ರ ಕೈಯಲ್ಲಿ ಓದಲು ಕಲಿಯುವ ಭಾಗವನ್ನು ಮತ್ತೊಮ್ಮೆ ನೋಡಬೇಕು. ಮರಳಿನಲ್ಲಿ ಅಕ್ಷರ ತೀಡುತ್ತಾನೆ, ಜೇಡಿಮಣ್ಣಿನಲ್ಲಿ ಆಕಾರ ಮಾಡುತ್ತಾನೆ, ಮೆಟ್ಟಿಲು ಹತ್ತಿಳಿದು ಲೆಕ್ಕ ಕಲಿಯುತ್ತಾನೆ. ವಿಧಾನಗಳು ಸರಿಯಾದವೇ, ಕಣ್ಣು, ಕಿವಿ, ಕೈಗಳನ್ನು ಒಟ್ಟಿಗೆ ದುಡಿಸುವ ಪಾಠ ವಿಶೇಷ ಶಿಕ್ಷಕರಿಗೆ ನಿತ್ಯದ ಕೆಲಸ. ಆದರೆ ತುಣುಕು ತುಣುಕು ದೃಶ್ಯಗಳು ಸಂಗೀತದ ಮೇಲೆ ತೇಲಿಹೋಗುವಷ್ಟರಲ್ಲಿ ಹುಡುಗನಿಗೆ ಓದು ಬಂದಿರುತ್ತದೆ. ನಿನ್ನೆ ಬಂದ ಅಕ್ಷರ ಇಂದು ಮರೆತುಹೋಗುವುದು, ಮತ್ತೆ ಅಲ್ಲಿಂದಲೇ ಹಿಡಿಯುವುದು, ಗುರಿ ಬರೆದಿಟ್ಟು ತಿಂಗಳುಗಳ ಮೇಲೆ ಅಳೆದು ತಿದ್ದುವುದು, ಇವೆಲ್ಲ ಆ ಕತ್ತರಿಯಲ್ಲಿ ಹೋದವು. ತಾಯಿಯೂ ಹೋದಳು. ಹೋಂವರ್ಕಿನ ಮುಂದೆ ಮಗನ ಜೊತೆ ಹೆಣಗಿದವಳು ಅವಳು. ಕಲಿಕೆ ಕೈಗೂಡುವಾಗ ಪಕ್ಕದಲ್ಲಿ ಇರುವವನು ಮೇಷ್ಟ್ರೊಬ್ಬನೇ.

ಇನ್ನೂ ದೊಡ್ಡ ಕೊರತೆಯೆಂದರೆ, ಇಲ್ಲಿ ನೆರವು ಒಬ್ಬ ಒಳ್ಳೆಯವನ ಔದಾರ್ಯ. ಪ್ರಾಂಶುಪಾಲರ ಮನವೊಲಿಸಿ ಪಡೆದದ್ದು. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲವಾದ್ದರಿಂದ ಅಂದಿನ ಚಿತ್ರವನ್ನು ದೂರುವುದು ನ್ಯಾಯವಲ್ಲ. ಆದರೆ 2016ರ ಕಾಯ್ದೆ 21 ನ್ಯೂನತೆಗಳ ಪಟ್ಟಿಗೆ ಅದನ್ನು ಸೇರಿಸಿತು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅದನ್ನು ಬೇಗ ಗುರುತಿಸಬೇಕೆಂದಿತು. ಇಷ್ಟಾದ ಮೇಲೂ ಅದೇ ಚಿತ್ರ ತೋರಿಸಿ ಪೋಷಕರನ್ನು ಅಳಿಸಿ ಕಳಿಸುವುದೆಂದರೆ, ಹಕ್ಕಿನಿಂದ ಕೇಳಬೇಕಾದದ್ದನ್ನು ಕೈಮುಗಿದು ಬೇಡಿ ಎಂದು ಹೇಳಿಕೊಟ್ಟಂತೆ.

'ಅರಿವು ಮೂಡಿಸಿತಲ್ಲ' ಎಂಬುದು ಇದನ್ನು ಮೆಚ್ಚುವ ವಿಮರ್ಶಕರ ಸಿದ್ಧ ಉತ್ತರ. ಯಾವುದರ ಅರಿವು? ಇಂಗ್ಲಿಷಿನ ಬಿ, ಡಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುವುದರ ಅರಿವು. ಕನ್ನಡ ಶಾಲೆಯ ಮಗು ಎಡವುವ ಜಾಗಗಳು ಬೇರೆ: ಒತ್ತಕ್ಷರ, ದೀರ್ಘ, ಮಹಾಪ್ರಾಣ. ಕನ್ನಡದಲ್ಲಿ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲೇ ಪ್ರಕಟಿಸಿದ ಅಧ್ಯಯನ, ನಮ್ಮ ಅಕ್ಷರಮಾಲೆ ಪೂರ್ತಿ ಕೈವಶವಾಗಲು ಹಲವು ತರಗತಿಗಳೇ ಬೇಕೆಂದು ತೋರಿಸಿತು. ಹಾಗಿರುವಾಗ ಯಾವುದು ಸಹಜವಾದ ನಿಧಾನ, ಯಾವುದು ತೊಂದರೆ ಎಂದು ಬೇರ್ಪಡಿಸುವುದೇ ಆರಂಭಿಕ ತರಗತಿಗಳ ನಲಿಕಲಿ ಶಿಕ್ಷಕಿಗೆ ಎದುರಾಗುವ ಕಠಿಣ ಪ್ರಶ್ನೆ. ತಿರುಗಿದ ಅಕ್ಷರಕ್ಕಾಗಿ ಕಾಯುವ ಶಿಕ್ಷಕಿಗೆ ಒತ್ತಕ್ಷರ ನುಂಗುವ ಹುಡುಗಿ ದಡ್ಡಿಯಾಗಿ, ಸೋಮಾರಿಯಾಗಿಯೇ ಕಾಣುತ್ತಾಳೆ. ಅರಿವಿನ ಹೊಗಳಿಕೆಯಲ್ಲಿ ಈ ಹುಡುಗಿಯ ಮಾತನ್ನು ಯಾರೂ ಎತ್ತಿದ್ದನ್ನು ನಾನು ಓದಿಲ್ಲ.

ಕೊನೆಗೆ ಸಿನಿಮಾದ ಆ ಚಿತ್ರಕಲಾ ಸ್ಪರ್ಧೆ. ಇಶಾನ್ ಗೆಲ್ಲುತ್ತಾನೆ, ಅಪ್ಪ ಕಣ್ಣೊರೆಸಿಕೊಳ್ಳುತ್ತಾನೆ. ಆದರೆ ಚಿತ್ರ ಬರೆಯಲು ಬಾರದ, ಹಾಡಲೂ ಬಾರದ, ಓದು ಮಾತ್ರ ಬೇಕಾಗಿರುವ ಮಗುವಿಗೂ ವಿಶೇಷ ಶಿಕ್ಷಕರು ಸಿಗಬೇಕು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗಬೇಕು. ಅದಕ್ಕೆ ಪ್ರತಿಭೆಯ ಪುರಾವೆ ಯಾಕೆ ಬೇಕು?