ನಾಲ್ಕು ಮಾರು ತಂತಿ

ವಾಲ್ವ್ ರೇಡಿಯೊಗಳ ಕಾಲದಲ್ಲಿ ಏರಿಯಲ್ ಎಂದರೆ ಮನೆಯದೇ ಒಂದು ಭಾಗ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ, ತೊಲೆಗಳ ಕೆಳಗೆ, ತಾಮ್ರದ ಜಾಲರಿ ಪಟ್ಟಿಯನ್ನು ಬಿಗಿಯುತ್ತಿದ್ದರು. ಅದರಿಂದ ಇಳಿದ ತಂತಿ ರೇಡಿಯೊದ ಬೆನ್ನಿಗೆ ಸೇರುತ್ತಿತ್ತು. ಸಿಲೋನಿನ ಹಾಡು, ದೂರದೇಶದ ವಾರ್ತೆ, ಕ್ರಿಕೆಟ್ ಕಾಮೆಂಟರಿ ಎಲ್ಲಕ್ಕೂ ಅದೇ ಬಾಗಿಲು. ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೊ ಕೈಗೆ ಬಂತು, ಏರಿಯಲ್ ಕುಗ್ಗಿ ಎಳೆದರೆ ಚಾಚುವ, ಒತ್ತಿದರೆ ಒಳಸೇರುವ ಕಡ್ಡಿಯಾಯಿತು. ಹೀಗೆ ಕೈಬಿಟ್ಟುಹೋದ ಉದ್ದವನ್ನು ಅಂಗೈಯಗಲದ ಜಾಗದಲ್ಲಿ ಅಡಗಿಸಿ, ಊರೂರಿಗೆ ಒಯ್ಯಲು ಅನುವು ಮಾಡಿಕೊಡುವುದೇ ಪ್ರಯಾಣದ ಏರಿಯಲ್. ಬೆಲೆ ದೊಡ್ಡದಲ್ಲ, ತೂಕ ಲೆಕ್ಕಕ್ಕಿಲ್ಲ. ಆದರೂ ಒಳ್ಳೆಯದೊಂದನ್ನು ಆರಿಸಿ ಬಳಸುವುದರಲ್ಲಿ ಇರುವ ಸುಖ ಸಣ್ಣದಲ್ಲ.

ಮೊದಲು ಅಳತೆಯ ಮಾತು. ಶಾರ್ಟ್‌ವೇವ್ ಎಂದರೆ 3ರಿಂದ 30 ಮೆಗಾಹರ್ಟ್ಸ್. ಅಲೆಯ ಉದ್ದ 100 ಮೀಟರಿನಿಂದ 10 ಮೀಟರಿನವರೆಗೆ. ಸಂಜೆಯ ಕೇಳುಗರಿಗೆ ಅಚ್ಚುಮೆಚ್ಚಾದ 31 ಮೀಟರ್ ಬ್ಯಾಂಡಿನಲ್ಲಿ ಅಲೆಯ ಕಾಲುಭಾಗದಷ್ಟು ತಂತಿ ಎಂದರೂ ಏಳೂಮುಕ್ಕಾಲು ಮೀಟರ್ ಬೇಕು. ರೇಡಿಯೊದ ಕಡ್ಡಿ ಒಂದು ಮೀಟರಿನ ಆಚೀಚೆ. ಅಷ್ಟು ಗಿಡ್ಡ ಕಡ್ಡಿಯಲ್ಲೂ ನಿಲಯಗಳು ಕೇಳುತ್ತವೆ, ಏಕೆಂದರೆ ಕಳಿಸುವವರು ಬಲವಾಗಿ ಕಳಿಸುತ್ತಾರೆ. ಬೆಂಗಳೂರಿನ ಉತ್ತರಕ್ಕೆ, ಯಲಹಂಕ–ದೊಡ್ಡಬಳ್ಳಾಪುರದ ದಾರಿಯಲ್ಲಿ ಆಕಾಶವಾಣಿ ಸ್ಥಾಪಿಸಿದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳು ಒಂದೊಂದೂ 500 ಕಿಲೋವ್ಯಾಟಿನವು. ವಿವಿಧಭಾರತಿ 9870 ಕಿಲೋಹರ್ಟ್ಸ್‌ನಲ್ಲಿ ದೇಶದ ಗಡಿ ದಾಟಿ ಕೇಳಿಸುತ್ತಿದ್ದದ್ದು ಈ ನೆಲದಿಂದಲೇ. ಅಂಥ ಬಲದ ಮುಂದೆ ಏರಿಯಲ್ ಎಷ್ಟು ಹಿಡಿಯುತ್ತದೆ ಎಂಬ ಚಿಂತೆ ಅರ್ಧ ಕಡಿಮೆಯಾಗುತ್ತದೆ.

ಉಳಿದರ್ಧ ಚಿಂತೆ ಗದ್ದಲದ್ದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಟಿವಿಯ ಪೆಟ್ಟಿಗೆ, ಇನ್ವರ್ಟರು, ಲಿಫ್ಟು ಎಲ್ಲವೂ ಶಾರ್ಟ್‌ವೇವ್ ಬ್ಯಾಂಡಿನೊಳಗೇ ಕರಕರ ಸುರಿಯುತ್ತವೆ. ಕಾಂಕ್ರೀಟಿನೊಳಗಿನ ಕಬ್ಬಿಣ ಹೊರಗಿನ ನಿಲಯವನ್ನು ತಡೆಯುತ್ತದೆ, ಒಳಗಿನ ಗದ್ದಲ ಕೋಣೆಯಲ್ಲೇ ಉಳಿಯುತ್ತದೆ. ಹೀಗಾಗಿ ಏರಿಯಲ್ಲಿನ ಗುಣವನ್ನು ಸಿಗ್ನಲ್ ಮೀಟರಿನ ಗೆರೆಗಳಿಂದ ಅಳೆಯಬಾರದು. ತಂತಿ ಸಿಕ್ಕಿಸಿದೊಡನೆ ಮೀಟರ್ ಮೇಲಕ್ಕೆ ಹಾರಬಹುದು, ನಿಲಯದ ಜತೆ ಗದ್ದಲವೂ ಅಷ್ಟೇ ಮೇಲೇರಿರಬಹುದು. ವಾರ್ತೆ ಓದುವವರು ಒಂದು ವಾಕ್ಯ ಮುಗಿಸಿ ಇನ್ನೊಂದಕ್ಕೆ ಉಸಿರು ಎಳೆದುಕೊಳ್ಳುವ ಆ ಬಿಡುವಿಗೆ ಕಿವಿ ಕೊಡಬೇಕು. ಅಲ್ಲಿ ಕೊರೆಯುವ ಸದ್ದಿದ್ದರೆ ಏರಿಯಲ್ ಎಷ್ಟು ಉದ್ದವಿದ್ದರೂ ದಂಡ. ಆ ಬಿಡುವು ತಿಳಿಯಾಗಿದ್ದರೆ, ಸ್ವರ ಸಣ್ಣದಿದ್ದರೂ, ಏರಿಯಲ್ ಉತ್ತಮ ಜಾತಿಯದು. ಮಾತಿನ ನಡುವಿನ ಈ ತಿಳಿಯೇ ನನ್ನ ಮಟ್ಟಿಗೆ ಶಾರ್ಟ್‌ವೇವಿನ ರಸ, ಏರಿಯಲ್ಲಿನ ಒರೆಗಲ್ಲೂ ಅದೇ.

ಈ ಒರೆಗಲ್ಲಿಗೆ ತಿಕ್ಕಿದಾಗ ಮೊದಲು ಹೊಳೆಯುವುದು ಸುರುಳಿ ಏರಿಯಲ್. ದರ್ಜಿಯ ಅಳತೆಪಟ್ಟಿಯ ಹಾಗೆ ಒಂದು ಪುಟ್ಟ ಡಬ್ಬಿಯೊಳಗೆ ಸುತ್ತಿಕೊಂಡ ತೆಳು ತಂತಿ, ಒಂದು ತುದಿಗೆ ರೇಡಿಯೊಗೆ ಜೋಡಿಸುವ ಕೊಂಡಿ, ಡಬ್ಬಿಗೆ ಪರದೆಯ ಸರಳಿಗೋ ಕಿಟಕಿಗೋ ಕಚ್ಚಿಸುವ ಕ್ಲಿಪ್ಪು. ಸೋನಿ ಕಂಪನಿಯ ಎಎನ್-71, ಟೆಕ್ಸನ್ ಕಂಪನಿಯ ಎಎನ್-05 ಈ ಕುಲದವು. ಎರಡರಲ್ಲೂ ತಂತಿ ಸುಮಾರು ಏಳು ಮೀಟರ್. ನಮ್ಮ ಲೆಕ್ಕದಲ್ಲಿ ನಾಲ್ಕು ಮಾರು. ಈ ಉದ್ದದಲ್ಲಿ ಒಂದು ಹದವಿದೆ. ಕಾಲು ಅಲೆಯ ಲೆಕ್ಕ ಹಾಕಿದರೆ ಏಳು ಮೀಟರ್ ಬಂದು ನಿಲ್ಲುವುದು 10.7 ಮೆಗಾಹರ್ಟ್ಸ್ ಹತ್ತಿರ, ಎಂದರೆ 31 ಮತ್ತು 25 ಮೀಟರ್ ಬ್ಯಾಂಡುಗಳ ನಡುವೆ. ಪ್ರಸಾರಗಳು ದಟ್ಟವಾಗಿ ನೆರೆಯುವುದು ಆ ಬ್ಯಾಂಡುಗಳಲ್ಲೇ. ಹತ್ತಡಿ ಕೋಣೆಯಲ್ಲಿ ಕಿಟಕಿಯಿಂದ ಬಾಗಿಲವರೆಗೆ, ಅಲ್ಲಿಂದ ತಿರುಗಿ ಕಪಾಟಿನವರೆಗೆ ಹಾಯುವಷ್ಟು ಉದ್ದ. ಹೊರಗೆ ಸಿಕ್ಕಿದರೆ ಒಂದು ಮರದ ಕೊಂಬೆಗೆ ಎಟುಕುವಷ್ಟು ಉದ್ದ. ಇದಕ್ಕಿಂತ ತೀರ ಗಿಡ್ಡವಾದರೆ ಕಡ್ಡಿಗಿಂತ ಹೆಚ್ಚಿನ ಲಾಭವಿಲ್ಲ.

ಇದಕ್ಕಿಂತ ಬಹಳ ಉದ್ದವಾದರೆ ಬೇರೆ ತೊಡಕು. ಕೈ ರೇಡಿಯೊಗಳ ಮೊದಲ ಹಂತವನ್ನು ಗಿಡ್ಡ ಕಡ್ಡಿಯ ಅಳವಿಗೆ ತಕ್ಕಂತೆ ಕಟ್ಟಿರುತ್ತಾರೆ. ಮೂವತ್ತು ಮೀಟರ್ ತಂತಿ ಸಿಕ್ಕಿಸಿದರೆ ಬಲವಾದ ನಿಲಯಗಳು ಒಂದರ ಮೇಲೊಂದು ಬಿದ್ದು, ಇಲ್ಲದ ಕಡೆಯೆಲ್ಲ ಅವುಗಳ ಭೂತಗಳು ಏಳುತ್ತವೆ. 41 ಮೀಟರಿನ ಹಾಡು 49 ಮೀಟರಿನ ಮಾತಿನೊಳಗೆ ನುಸುಳುತ್ತದೆ. ಕೆಲವು ಸೆಟ್ಟುಗಳಲ್ಲಿ ‘ಲೋಕಲ್–ಡಿಎಕ್ಸ್’ (ಹತ್ತಿರ–ದೂರ) ಎಂದೊಂದು ಗುಂಡಿ ಇರುವುದು ಇದಕ್ಕಾಗಿಯೇ. ಲೋಕಲ್‌ಗೆ ಜಾರಿಸಿದರೆ ಒಳಬರುವ ಬಲ ತಗ್ಗಿ ಭೂತಗಳು ಅಡಗುತ್ತವೆ. ಸುರುಳಿಯ ಚಂದ ಇಲ್ಲೂ ಉಂಟು. ಎಷ್ಟು ಬೇಕೋ ಅಷ್ಟೇ ಎಳೆದುಕೊಳ್ಳಬಹುದು. ಎರಡು ಮಾರು ಎಳೆದು ಕೇಳಿ, ಇನ್ನೊಂದು ಮಾರು ಬಿಟ್ಟು ಕೇಳಿ, ಸ್ವರ ತುಂಬಿಕೊಂಡು ಭೂತಗಳು ಇನ್ನೂ ಏಳದ ಕಡೆ ನಿಲ್ಲಿಸಬಹುದು. ಕೈಯ ಎಳೆತಕ್ಕೂ ಕಿವಿಯ ತೀರ್ಪಿಗೂ ಹೀಗೆ ನೇರ ನಂಟು ಬೆಳೆಯುವ ಸಾಧನಗಳು ಈಗ ಕಡಿಮೆ. ಆಟವೆಲ್ಲ ಮುಗಿದ ಮೇಲೆ ತಂತಿ ಗಂಟು ಬೀಳದೆ ಒಳಸರಿದು ಡಬ್ಬಿ ಸೇರುವುದನ್ನು ನೋಡುವುದೂ ಒಂದು ತೃಪ್ತಿ.

ಅಂಗಡಿಯದೇ ಬೇಕೆಂದಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಎಳೆ ಎಳೆಯಾದ ತೆಳು ತಾಮ್ರದ, ಮೆತ್ತನೆಯ ಹೊದಿಕೆಯ ವೈರು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಂದು ತುದಿಗೆ ಮೊಸಳೆ ಕ್ಲಿಪ್ಪು ಬೆಸುಗೆ ಹಾಕಿ ರೇಡಿಯೊದ ಕಡ್ಡಿಗೆ ಕಚ್ಚಿಸಿದರೆ ಏರಿಯಲ್ ಸಿದ್ಧ. ಹೊರಗಿನ ಏರಿಯಲ್ಲಿಗೆ ಸಾಕೆಟ್ಟೇ ಇಲ್ಲದ ಸೆಟ್ಟಿಗೂ ಇದು ಒಗ್ಗುತ್ತದೆ. ಒಂಟಿ ಎಳೆಯ ಗಡಸು ತಂತಿ ಮಾತ್ರ ಬೇಡ. ನಾಲ್ಕು ಸಲ ಸುತ್ತಿ ಬಿಚ್ಚುವಷ್ಟರಲ್ಲಿ ಅದು ಸೊಟ್ಟಗಾಗಿ ಮುರಿಯುತ್ತದೆ.

ತಂತಿ ಸೋಲುವ ಜಾಗವೆಂದರೆ ನಗರದ ಲಾಡ್ಜು. ನಾಲ್ಕು ಗೋಡೆಯೊಳಗೆ ಹಾಯ್ದ ತಂತಿ ಗೋಡೆಯೊಳಗಿನ ಕರೆಂಟು ವೈರುಗಳ ಕರಕರವನ್ನೆಲ್ಲ ಕುಡಿಯುತ್ತದೆ. ಅಲ್ಲಿಗೆ ಬೇಕಾದದ್ದು ಲೂಪ್ ಏರಿಯಲ್, ಎಂದರೆ ಬಳೆಯಾಗಿ ಬಾಗಿಸಿದ ವಾಹಕ. ಮನೆಯ ಸಾಧನಗಳ ಗದ್ದಲ ಹತ್ತಿರದಲ್ಲಿ ಹೆಚ್ಚಾಗಿ ವಿದ್ಯುತ್ ಕ್ಷೇತ್ರವಾಗಿ ಹರಡಿರುತ್ತದೆ. ಸಣ್ಣ ಲೂಪು ಅಲೆಯ ಕಾಂತಕ್ಷೇತ್ರಕ್ಕೆ ಹೆಚ್ಚು ಓಗೊಡುವುದರಿಂದ ಆ ಗದ್ದಲದ ದೊಡ್ಡ ಪಾಲು ಅದರ ಕೈಗೆ ಸಿಗದೆ ಜಾರುತ್ತದೆ. ಮೇಲಾಗಿ ಲೂಪಿಗೆ ದಿಕ್ಕಿನ ಅರಿವುಂಟು. ಬಳೆಯ ಅಂಚು ತೋರುವ ಕಡೆಯಿಂದ ಚೆನ್ನಾಗಿ ಕೇಳುತ್ತದೆ, ಅದರ ಮುಖ ತಿರುಗಿದ ಕಡೆಗೆ ಕಿವುಡು.

ನನಗೆ ಎಲ್ಲಕ್ಕಿಂತ ಮೆಚ್ಚಾದ ಗಳಿಗೆ ಈ ಕಿವುಡಿನದೇ. ಲೂಪನ್ನು ಕಿಟಕಿಗೆ ತೂಗುಹಾಕಿ ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಪಕ್ಕದ ಕೋಣೆಯ ಚಾರ್ಜರಿನ ಗುಂಯ್‌ಗಾಟ ತಟ್ಟನೆ ಕುಸಿಯುತ್ತದೆ. ನಿಲಯ ಮಾತ್ರ ಇದ್ದಲ್ಲೇ ಇರುತ್ತದೆ. ಕಾರಣ ಸೊಗಸಾಗಿದೆ. ಚಾರ್ಜರಿನ ಗದ್ದಲ ಒಂದೇ ದಿಕ್ಕಿನಿಂದ, ನೆಲದ ಮಟ್ಟದಲ್ಲಿ ಬರುತ್ತದೆ. ಲೂಪಿನ ಮುಖ ಅದರತ್ತ ತಿರುಗಿದರೆ ಅಳಿದೇ ಹೋಗುತ್ತದೆ. ನಿಲಯದ ಅಲೆಯಾದರೋ ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳದಿಂದ ಬಾಗಿ, ಹಲವು ದಾರಿಗಳಲ್ಲಿ, ಮೇಲಿನಿಂದ ಇಳಿದು ಬರುತ್ತದೆ. ಅದನ್ನು ಹಾಗೆ ಒಂದು ಕೋನದಲ್ಲಿ ಅಳಿಸಲಾಗದು. ಮಣಿಕಟ್ಟಿನ ಒಂದು ತಿರುವಿನಲ್ಲಿ ಹತ್ತಿರದ್ದು ಸುಮ್ಮನಾಗಿ ದೂರದ್ದು ಉಳಿಯುವ ಈ ಅನುಭವ ಪಡೆದವರು ಲೂಪನ್ನು ಬಿಡಲಾರರು.

ಚೀಲಕ್ಕೆ ಹಿಡಿಸುವ ಲೂಪುಗಳಲ್ಲಿ ಸೋನಿಯ ಎಎನ್-ಎಲ್‌ಪಿ1 ಹಳೆಯ ಕೇಳುಗರ ಬಾಯಲ್ಲಿ ಇಂದಿಗೂ ಉಳಿದ ಹೆಸರು. ಬಳೆಯನ್ನು ತಿರುಚಿ ಮಡಚಿದರೆ ಪುಟ್ಟ ಚೀಲ ಸೇರುತ್ತದೆ, ಬ್ಯಾಂಡ್ ಆರಿಸಲು ಪ್ರತ್ಯೇಕ ಗುಬುಟು. ತಯಾರಿಕೆ ನಿಂತುಹೋಗಿದೆ, ಹಳೆಯದು ಸಿಕ್ಕರೆ ಬಿಡಬಾರದು. ಡೆಗೆನ್ ಕಂಪನಿಯ ಡಿಇ31ಎಂಎಸ್ ಅದೇ ಬಗೆಯ ಅಗ್ಗದ ಲೂಪು. ಎರಡೂ ಟ್ಯೂನ್ ಆಗುವಂಥವು: ಬೇಕಾದ ಬ್ಯಾಂಡನ್ನು ಎತ್ತಿ, ಉಳಿದದ್ದನ್ನು ರೇಡಿಯೊಗೆ ಮುಟ್ಟುವ ಮುಂಚೆಯೇ ಒಂದಿಷ್ಟು ಸೋಸಿ ಕಳಿಸುತ್ತವೆ. ಕೈ ರೇಡಿಯೊಗೆ ಬೇಕಾದದ್ದು ಇಂಥ ನೆರವೇ. ಎಂಎಲ್‌ಎ-30 ಪ್ಲಸ್ ಎಂಬ ಅಗಲ ಪಟ್ಟಿಯ ಲೂಪು ಎಲ್ಲ ಬ್ಯಾಂಡುಗಳನ್ನೂ ಒಟ್ಟಿಗೆ ತರುತ್ತದೆ. ಅದರ ಕಂಬಿ, ಕೇಬಲ್ಲು, ಪೆಟ್ಟಿಗೆ ಸೇರಿ ಹೊರೆ ದೊಡ್ಡದು. ಅದನ್ನು ಮನೆಯ ಮಹಡಿಗೇ ಮೀಸಲಿಡುವುದು ಲೇಸು. ಏರ್‌ಸ್ಪೈ ಕಂಪನಿಯ ಯೂಲೂಪ್ ಬಿಚ್ಚಿದರೆ ಕೇಬಲ್ ತುಂಡುಗಳಷ್ಟೇ, ಬ್ಯಾಟರಿಯೂ ಬೇಡ. ಒಯ್ಯಲು ಬಲು ಹಗುರ. ಆದರೆ ಅದರಿಂದ ಬರುವ ಸಿಗ್ನಲ್ ಬಲು ಕ್ಷೀಣ. ಅದರ ಜೋಡಿ ತೀರ ಸೂಕ್ಷ್ಮವಾದ, ಸಾಫ್ಟ್‌ವೇರಿನಿಂದ ನಡೆಯುವ ಎಸ್‌ಡಿಆರ್ ರಿಸೀವರು. ಸಾಮಾನ್ಯ ಕೈ ರೇಡಿಯೊದಲ್ಲಿ ಅದು ಮಂಕಾಗುತ್ತದೆ.

ಕೊಳ್ಳುವ ಮುನ್ನ ಪರೀಕ್ಷಿಸಲು ಅವಕಾಶ ಸಿಕ್ಕರೆ ಹಾಡಿನ ನಿಲಯ ಬೇಡ, ಸಮಯ ಸಾರುವ ನಿಲಯ ಹಿಡಿಯಿರಿ. ಚೀನಾದ ಬಿಪಿಎಂ 5, 10, 15 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೊಂದು ಟಿಕ್ ಕೊಡುತ್ತದೆ. ಟಿಕ್ ಮತ್ತು ಟಿಕ್ಕಿನ ನಡುವಿನ ಜಾಗ ಎಷ್ಟು ತಿಳಿ ಎಂಬುದು ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಶಾರ್ಟ್‌ವೇವ್ ನಿಮಿಷ ನಿಮಿಷಕ್ಕೂ ಏರಿಳಿಯುವುದರಿಂದ ಒಂದು ಏರಿಯಲ್ ಬಿಚ್ಚಿ ಇನ್ನೊಂದನ್ನು ತಡಮಾಡದೆ ಸಿಕ್ಕಿಸಬೇಕು, ಹಲವು ಸಲ ಅದಲುಬದಲು ಮಾಡಬೇಕು. ಹೊತ್ತನ್ನೂ ನೋಡಿಕೊಳ್ಳಬೇಕು. ಹಗಲಿಗೆ 19, 16 ಮೀಟರ್. ಇಳಿಹೊತ್ತಿನಿಂದ 31, 41, 49. ರಾತ್ರಿ ಇನ್ನೂ ಕೆಳಗಿಳಿದು, ಟಿಬೆಟ್‌ನ ಲ್ಹಾಸಾ ಪ್ರಸಾರ ಬಹುಕಾಲದಿಂದ ಬಳಸುವ 4905, 4920 ಕಿಲೋಹರ್ಟ್ಸ್‌ನಲ್ಲಿ ಕಿವಿಯಿಟ್ಟರೆ ಏರಿಯಲ್ಲಿನ ನಿಜವಾದ ಯೋಗ್ಯತೆ ಹೊರಬೀಳುತ್ತದೆ.

ಏರಿಯಲ್ ಯಾವುದಾದರೂ ಅದಕ್ಕೆ ಕಿಟಕಿಯೇ ಪೀಠ. ಗಾಜಿಗೆ ಅಂಟಿದಂತೆ ಲೂಪು ತೂಗಲಿ, ತಂತಿಯಾದರೆ ಆದಷ್ಟು ಭಾಗ ಹೊರಗೆ ಇಳಿಬೀಳಲಿ. ಚಾರ್ಜರಿನ ವೈರಿನ ಪಕ್ಕದಲ್ಲಿ ಏರಿಯಲ್ಲಿನ ಕೇಬಲ್ ಹಾಯಬಾರದು. ರೇಡಿಯೊ ಸೆಲ್ಲಿನ ಮೇಲೆಯೇ ನಡೆಯಲಿ. ಲೂಪಿನ ಪೆಟ್ಟಿಗೆಗೂ ಪವರ್‌ಬ್ಯಾಂಕಿಗಿಂತ ಸೆಲ್ಲೇ ಮೇಲು, ಏಕೆಂದರೆ ಎಷ್ಟೋ ಪವರ್‌ಬ್ಯಾಂಕುಗಳು ತಾವೇ ಗದ್ದಲ ಹೊರಡಿಸುತ್ತವೆ. ಮುಂಗಾರಿನ ಮುಂಚಿನ ಗುಡುಗಿನ ದಿನಗಳಲ್ಲಿ ಹೊರಗಿನ ತಂತಿಯನ್ನು ಒಳಗೆಳೆದು ಜಾಕ್ ಕಿತ್ತಿಡಿ. ಸಿಡಿಲು ಹೊಡೆಯಲೇ ಬೇಕಿಲ್ಲ, ತಂತಿಯಲ್ಲಿ ಕೂಡಿದ ಸ್ಥಿರವಿದ್ಯುತ್ತೇ ರೇಡಿಯೊದ ಮೊದಲ ಟ್ರಾನ್ಸಿಸ್ಟರನ್ನು ಸುಡಬಲ್ಲದು.

ಹೊಸದಾಗಿ ಆರಿಸುವವರಿಗೆ ನನ್ನ ಮಾತು ಇಷ್ಟು. ಮೊದಲು ಸುರುಳಿ ಏರಿಯಲ್ ಕೊಳ್ಳಿ. ಮಲೆನಾಡಿನ ಹೋಂಸ್ಟೇ, ಕರಾವಳಿಯ ಮನೆ, ನೆಂಟರ ತೋಟ, ಬಯಲು ಸಿಕ್ಕುವ ಯಾವ ಊರಿಗಾದರೂ ಅದೇ ಉತ್ತಮ, ಅದೇ ಸಾಕು. ವರ್ಷದ ಬಹುಪಾಲು ನಗರದ ಲಾಡ್ಜುಗಳಲ್ಲಿ ರಾತ್ರಿ ಕಳೆಯುವ ಕೆಲಸದವರು ಮಾತ್ರ ಟ್ಯೂನ್ ಆಗುವ ಲೂಪಿಗೆ ಹಣ ಹಾಕಲಿ. ಎರಡೂ ಕೈಗೆ ಬಂದ ಮೇಲೆ ಇನ್ನೊಂದನ್ನು ಹುಡುಕಬೇಡಿ, ಕೋಣೆಯ ಚಾರ್ಜರುಗಳನ್ನೆಲ್ಲ ಕಿತ್ತು, ದೀಪ ಆರಿಸಿ, ಕಿಟಕಿಯ ಬಳಿ ಕೂತು ಕೇಳಿ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಯಲ್ಲಿ ನಿಂತಿತು, ರೇಡಿಯೊ ಆಸ್ಟ್ರೇಲಿಯಾ 2017ರಲ್ಲೇ ಶಾರ್ಟ್‌ವೇವ್ ಬಿಟ್ಟಿತು. ಉಳಿದ ನಿಲಯಗಳು ಇರುವಾಗಲೇ ಅವನ್ನು ತಿಳಿಯಾಗಿ ಕೇಳಿಕೊಳ್ಳಬೇಕು. ಅದಕ್ಕೆ ನಾಲ್ಕು ಮಾರು ತಂತಿಯ ಖರ್ಚು ಏನೇನೂ ಹೆಚ್ಚಲ್ಲ.